ಕುಂಕುಮ ಹಚ್ಚಿದ ಟ್ಯಾಬುಗಳು

ಹೊನ್ನೇನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಬೀರುವಿನೊಳಗೆ ಹತ್ತು ಟ್ಯಾಬುಗಳಿದ್ದವು. ಟ್ಯಾಬು ಅಂದರೆ ಗೊತ್ತಲ್ಲ, ಸ್ಲೇಟಿನಷ್ಟು ಅಗಲ, ಒತ್ತಿದರೆ ಬೆಳಗುತ್ತದೆ. ಮಕ್ಕಳು ಕಲಿಯಲಿ ಅಂತ ಯಾರೋ ಪುಣ್ಯಾತ್ಮರು ಕೊಟ್ಟದ್ದು. ಬಂದ ದಿನ ಫೋಟೋ ಹಿಡಿದರು, ಲಾಡು ಹಂಚಿದರು, ಬೀರುವಿಗೆ ಬೀಗ ಜಡಿದರು. ಆಮೇಲೆ ಅದನ್ನು ತೆಗೆದದ್ದು ಆಯುಧಪೂಜೆಯ ದಿನ ಮಾತ್ರ. ಅವತ್ತು ಟ್ಯಾಬುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಚೆಂಡುಹೂವಿಟ್ಟು, ಮಂಗಳಾರತಿ ಎತ್ತಿ ಮತ್ತೆ ಒಳಗಿಟ್ಟರು. ಮಕ್ಕಳೆಲ್ಲ ಭಕ್ತಿಯಿಂದ ಕೈಮುಗಿದರು. ಮುಟ್ಟಿದವರು ಮಾತ್ರ ಒಬ್ಬರೂ ಇಲ್ಲ.

ಬೀಗದ ಕೈ ಹೆಡ್ ಮೇಷ್ಟ್ರು ಮುನಿಶಾಮಪ್ಪನವರ ಅಂಗಿ ಜೇಬಿನಲ್ಲಿರುತ್ತಿತ್ತು. ಕೆಟ್ಟ ಮನುಷ್ಯ ಅಲ್ಲ ಅವರು, ಹಾಗಂದುಕೊಳ್ಳಬೇಡಿ. ಮಧ್ಯಾಹ್ನದ ಬಿಸಿಯೂಟದ ಸಾರನ್ನು ತಾವು ಮೊದಲು ರುಚಿ ನೋಡದೆ ಮಕ್ಕಳಿಗೆ ಬಡಿಸಗೊಡುತ್ತಿರಲಿಲ್ಲ. ಆದರೆ ಟ್ಯಾಬಿನ ಮಾತೆತ್ತಿದರೆ ಸಾಕು, ಅವರ ಕೈ ತಾನಾಗಿಯೇ ಜೇಬಿನ ಮೇಲೆ ಹೋಗುತ್ತಿತ್ತು.

ಆ ಶಾಲೆಯಲ್ಲಿ ವನಜಾಕ್ಷಿ ಅಂತ ಒಬ್ಬ ಟೀಚರ್ ಇದ್ದರು. ಆರನೇ, ಏಳನೇ ತರಗತಿಗೆ ಪಾಠ. ಉಳಿದವರಿಗಿಂತ ವಯಸ್ಸಿನಲ್ಲಿ ಚಿಕ್ಕವರು, ಕೈಯಲ್ಲೊಂದು ದೊಡ್ಡ ಫೋನು ಬೇರೆ. ಅಷ್ಟು ಸಾಕಾಯಿತು. ಮಕ್ಕಳಿಗೆ ಫೋನು, ಟ್ಯಾಬು, ಇಂಟರ್ನೆಟ್ಟು ಅಂತ ಏನೇನಿದೆಯೋ ಅದನ್ನೆಲ್ಲ ಕಲಿಸುವ ಕೆಲಸವನ್ನು ಅವರ ತಲೆ ಮೇಲೆ ಹಾಕಿ ಎಲ್ಲರೂ ಕೈತೊಳೆದುಕೊಂಡರು. ತಾಲ್ಲೂಕಿನಲ್ಲಿ ತರಬೇತಿ ಅಂತ ಒಂದಾಯಿತು. ಆ ತರಬೇತಿಯ ವೈಭವ ಏನು ಹೇಳಲಿ! ಬೆಳಗ್ಗೆ ಸ್ವಾಗತ ಭಾಷಣ, ಆಮೇಲೆ ಟೀ ಬಿಸ್ಕತ್ತು, ಆಮೇಲೆ ಕರೆಂಟು ಹೋಯಿತು. ಕರೆಂಟು ಬಂದಾಗ ತರಬೇತಿ ಕೊಡುವವರು ಗೋಡೆ ಮೇಲೆ ಚಿತ್ರ ಬಿಟ್ಟು ಸರಸರ ಓದಿಕೊಂಡು ಹೋದರು. ವನಜಾಕ್ಷಿ ಕೈಯೆತ್ತಿ ಒಂದು ಪ್ರಶ್ನೆ ಕೇಳಿದರು. ಅದಕ್ಕೆ ಅವರು, ಇಷ್ಟೂ ಗೊತ್ತಿಲ್ವಾ ಮೇಡಂ, ಮನೆಯಲ್ಲಿ ಮಗು ಇದ್ದರೆ ಕೇಳಿ, ಅಂದುಬಿಟ್ಟರು. ತರಬೇತಿಗೆ ಬಂದಿದ್ದವರೆಲ್ಲ ನಕ್ಕರು. ಆ ನಗು ವನಜಾಕ್ಷಿಯ ಹೊಟ್ಟೆಯಲ್ಲಿ ಹೋಗಿ ಕೂತುಬಿಟ್ಟಿತು. ಅವತ್ತಿನಿಂದ ಅವರು ಯಾರ ಹತ್ತಿರವೂ ಗೊತ್ತಿಲ್ಲ ಅನ್ನುವ ಮಾತಾಡಲಿಲ್ಲ.

ಹಾಗಂತ ಪ್ರಯತ್ನ ಪಡಲಿಲ್ಲ ಅಂತಲ್ಲ. ಒಂದು ಟ್ಯಾಬು ಕೊಡಿ ಸಾರ್, ಶನಿವಾರ ಮನೆಗೆ ತಗೊಂಡು ಹೋಗಿ ಅಭ್ಯಾಸ ಮಾಡಿಕೊಂಡು ಸೋಮವಾರ ತಂದುಬಿಡ್ತೀನಿ, ಅಂತ ಹೆಡ್ ಮೇಷ್ಟ್ರನ್ನು ಕೇಳಿದರು. ಮುನಿಶಾಮಪ್ಪನವರ ಕೈ ಜೇಬಿಗೆ ಹೋಯಿತು. ಸ್ಟಾಕಿನಲ್ಲಿರೋ ಸಾಮಾನು ಮೇಡಂ, ಒಡೆದರೆ ಯಾರು ಉತ್ತರ ಹೇಳೋದು, ನಿಮಗೆಲ್ಲ ಗೊತ್ತೇ ಇದೆಯಲ್ಲ, ಬೋರ್ಡಿನ ಮೇಲೆ ಹೇಳಿಕೊಡಿ, ಅಂದರು. ಜೊತೆಯ ಟೀಚರುಗಳನ್ನು, ಬನ್ರೀ, ನಾವೆಲ್ಲ ಸೇರಿ ಸಂಜೆ ಒಂದು ಗಂಟೆ ಕೂತು ಕಲಿಯೋಣ, ಅಂತ ಕರೆದರು. ಅವರು, ಅಯ್ಯೋ ಬಿಡಿ, ನಿಮಗೆ ಬರುತ್ತಲ್ಲ, ನೀವೊಬ್ಬರು ನೋಡಿಕೊಂಡರೆ ಆಯ್ತು, ಅಂದು, ಬಸ್ಸಿನ ಹೊತ್ತಾಯಿತು ಅಂತ ಎದ್ದರು.

ಇನ್ನೇನು ಮಾಡುತ್ತಾರೆ ಪಾಪ? ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ದೊಡ್ಡ ಟ್ಯಾಬು ಬರೆದರು. ಇದು ಆನ್ ಮಾಡುವ ಗುಂಡಿ, ಇದು ಹುಡುಕುವ ಜಾಗ, ಅಂತ ತೋರಿಸಿದರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಸೀಮೆಸುಣ್ಣದ ಗುಂಡಿಯನ್ನು ಬೆರಳಲ್ಲಿ ಒತ್ತಿ ಹೋದರು. ಬೆರಳಿಗೆ ಬಿಳಿ ಹತ್ತಿತೇ ಹೊರತು ಬೇರೇನೂ ಆಗಲಿಲ್ಲ. ತರಗತಿ ನಡೆಯುವಷ್ಟು ಹೊತ್ತೂ ವನಜಾಕ್ಷಿ ಗಡಿಯಾರ ನೋಡುತ್ತಿದ್ದರು. ಯಾವ ಮಗು ಏನು ಕೇಳಿಬಿಡುತ್ತದೋ, ತನಗೆ ಬರುವುದಿಲ್ಲ ಅನ್ನುವುದು ಎಲ್ಲಿ ಬಯಲಾಗುತ್ತದೋ ಅನ್ನುವ ಭಯ.

ಕೇಳುವವಳು ಇದ್ದೇ ಇದ್ದಳು. ಏಳನೇ ತರಗತಿಯ ಭೂಮಿಕಾ. ಅವಳ ಅಮ್ಮ ಲಕ್ಷ್ಮೀದೇವಮ್ಮ ರೇಷ್ಮೆ ಹುಳ ಸಾಕುವವರು. ಮನೆ ಶಾಲೆಯ ಹಿಂದೆಯೇ. ಒಂದು ದಿನ ಭೂಮಿಕಾ ಎದ್ದು ನಿಂತು ಕೇಳಿದಳು:

"ಮಿಸ್, ಫೋನಲ್ಲಿ ಬರೋದೆಲ್ಲ ನಿಜಾನಾ? ಸುಳ್ಳಾದ್ರೆ ನಮಗೆ ಹೆಂಗೆ ಗೊತ್ತಾಗುತ್ತೆ?"

ಎಂಥ ಒಳ್ಳೆಯ ಪ್ರಶ್ನೆ ನೋಡಿ.  ಆದರೆ ವನಜಾಕ್ಷಿಗೂ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. ತರಬೇತಿಯಲ್ಲಿ ಕೇಳಿದ ಆ ನಗು ಕಿವಿಯಲ್ಲಿ ಮತ್ತೆ ಕೇಳಿಸಿತು. ಪಾಠದಲ್ಲಿ ಇಲ್ಲದ್ದನ್ನೆಲ್ಲ ಕೇಳಿ ಅಧಿಕಪ್ರಸಂಗ ಮಾಡಬೇಡ, ಕೂತುಕೋ, ಅಂತ ಗದರಿಬಿಟ್ಟರು. ಭೂಮಿಕಾ ಕೂತಳು. ಅವಳ ಜೊತೆಗೆ ಇಡೀ ತರಗತಿಯ ಪ್ರಶ್ನೆಗಳೂ ಕೂತುಬಿಟ್ಟವು. ಆಮೇಲೆ ಯಾರೂ ಏನೂ ಕೇಳಲಿಲ್ಲ.

ಸದ್ಯ ಬಚಾವಾದೆ ಅಂದುಕೊಂಡರು ವನಜಾಕ್ಷಿ. ಆದರೆ ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಆ ಹುಡುಗಿಯ ಮುಖ ನೆನಪಾಗಿ ಮನಸ್ಸು ಕಸಿವಿಸಿಯಾಯಿತು.

ಹೀಗಿರುವಾಗ, ಶಾಲೆ ಮುಂದುವರಿದಿದೆ ಅಂತ ತೋರಬೇಕಲ್ಲ, ಪೋಷಕರಿಗೆಲ್ಲ ಒಂದು ವಾಟ್ಸಾಪ್ ಗ್ರೂಪು ಮಾಡಿ ಅಂದರು ಮುನಿಶಾಮಪ್ಪ. ವನಜಾಕ್ಷಿ ಮಾಡಿದರು. ಅದು ಅವರಿಗೆ ಬರುತ್ತಿತ್ತು. ದಿನಾ ಬೆಳಗ್ಗೆ ಒಂದು ಶುಭೋದಯ, ಒಂದು ಸೂಚನೆ, ಒಂದು ಆರೋಗ್ಯದ ಮಾತು. ಊರಿನವರಿಗೆ ಬಲು ಖುಷಿ. ನಮ್ಮ ಮೇಡಂಗೆ ಎಷ್ಟೆಲ್ಲ ಗೊತ್ತು ಅಂತ ಹಾಲಿನ ಡೇರಿಯ ಹತ್ತಿರ ಮಾತಾಡಿಕೊಂಡರು. ಹೆಡ್ ಮೇಷ್ಟ್ರು ಮೀಟಿಂಗಿನಲ್ಲಿ ಹೊಗಳಿದರು. ಹೊಗಳಿಕೆ ಬಂದಷ್ಟೂ ವನಜಾಕ್ಷಿಗೆ ಒಳಗೆ ಪುಕುಪುಕು ಹೆಚ್ಚಾಯಿತು. ಒಂದು ದಿನ ಏನೂ ಹಾಕದಿದ್ದರೆ, ಇವರಿಗೇನೂ ಬರುವುದಿಲ್ಲ ಅಂದುಬಿಟ್ಟರೆ ಅಂತ, ಸಿಕ್ಕಿದ್ದನ್ನೆಲ್ಲ ಹಾಕುವ ಅಭ್ಯಾಸವಾಯಿತು.

ಒಂದು ಸೋಮವಾರ ಬೆಳಗ್ಗೆ ಬಸ್ಸಿನಲ್ಲಿ ನೂಕುನುಗ್ಗಲು. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಫೋನು. ಯಾವುದೋ ಗ್ರೂಪಿನಿಂದ ಒಂದು ಚಿತ್ರ ಬಂತು. ಮೇಲೆ ಸರ್ಕಾರದ ಲಾಂಛನ, ದಪ್ಪ ಅಕ್ಷರದಲ್ಲಿ 'ತುರ್ತು ಸೂಚನೆ' ಅಂತ ಇತ್ತು. ಸುತ್ತಮುತ್ತ ರೇಷ್ಮೆ ಹುಳಕ್ಕೆ ಭಾರಿ ರೋಗ ಬಂದಿದೆ, ಹುಳ ನೋಡಲು ಚೆನ್ನಾಗಿ ಕಂಡರೂ ಸಾಕುವವರು ಇವತ್ತು ಸಂಜೆಯೊಳಗೆ ಎಲ್ಲವನ್ನೂ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು, ಇಲ್ಲವಾದರೆ ಊರೆಲ್ಲ ಹರಡುತ್ತದೆ, ಅಂತ ಬರೆದಿತ್ತು. ಕೆಳಗೆ ಒಂದು ಸಹಿ, ಒಂದು ಮೊಹರು, ಇನ್ನೂ ಏನೋ ಸಣ್ಣ ಅಕ್ಷರ.

ವನಜಾಕ್ಷಿಗೆ ಗಾಬರಿಯಾಯಿತು. ಹೊನ್ನೇನಹಳ್ಳಿಯಲ್ಲಿ ಅರ್ಧಕ್ಕರ್ಧ ಮನೆ ಹುಳ ಸಾಕುವವರದ್ದೇ. ಬೇಗ ತಿಳಿಸಬೇಕು ಅನ್ನುವ ಆತುರ. ಎಲ್ಲರಿಗಿಂತ ಮೊದಲು ತಾನೇ ತಿಳಿಸಿದೆ ಅನ್ನುವ ಆಸೆಯೂ ಒಂದು ಚೂರು ಇತ್ತು, ಸುಳ್ಳು ಯಾಕೆ ಹೇಳಬೇಕು. ಚಿತ್ರವನ್ನು ಪೋಷಕರ ಗ್ರೂಪಿಗೆ ಹಾಕಿ, ಕೆಳಗೆ 'ಎಲ್ಲ ಪೋಷಕರೂ ತಪ್ಪದೆ ಪಾಲಿಸಿ' ಅಂತ ತಾವೇ ಸೇರಿಸಿದರು. ಬಸ್ಸು ಊರು ಮುಟ್ಟುವಷ್ಟರಲ್ಲಿ ಕೈಮುಗಿಯುವ ಚಿತ್ರಗಳು, ಥ್ಯಾಂಕ್ಸ್ ಮೇಡಂ ಅನ್ನುವ ಮಾತುಗಳು ಸಾಲುಸಾಲಾಗಿ ಬಂದವು.

ಪ್ರಾರ್ಥನೆಯ ಹೊತ್ತಿಗೆ ಮಕ್ಕಳಲ್ಲಿ ಗುಸುಗುಸು. ತರಗತಿಗೆ ಹೋದರೆ ಭೂಮಿಕಾ ತಲೆ ಬಗ್ಗಿಸಿ ಕೂತಿದ್ದಳು. ಏನಮ್ಮಾ ಅಂತ ಕೇಳಿದರೆ ಮೊದಲು ಬಾಯಿ ಬಿಡಲಿಲ್ಲ. ಪಕ್ಕದ ಹುಡುಗಿ ಹೇಳಿದಳು, ಅವರ ಮನೆ ಹುಳ ನಿನ್ನೆ ತಾನೇ ನಾಲ್ಕನೇ ಜ್ವರ ಎದ್ದಿವೆಯಂತೆ ಮಿಸ್, ಇವತ್ತು ಹೂಳ್ತಾರಂತೆ.

ಹುಳ ಸಾಕದ ಊರಿನವರಿಗೆ ಒಂದು ಮಾತು ಹೇಳಬೇಕು. ಹುಳ ದೊಡ್ಡದಾಗುತ್ತಾ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂತು ಹಳೆ ಚರ್ಮ ಕಳಚುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳವನ್ನು ಯಾರೂ ಮುಟ್ಟುವುದಿಲ್ಲ, ಸೊಪ್ಪು ಹಾಕುವುದಿಲ್ಲ, ಹತ್ತಿರ ಗಲಾಟೆ ಸಹ ಮಾಡುವುದಿಲ್ಲ. ನಾಲ್ಕನೇ ಜ್ವರ ಎದ್ದರೆ ಮುಗಿಯಿತು, ಇನ್ನೊಂದು ವಾರ ಹೊಟ್ಟೆ ತುಂಬ ತಿಂದು ಗೂಡು ಕಟ್ಟುತ್ತವೆ. ಮನೆಮಂದಿ ನಿದ್ದೆಗೆಟ್ಟು ದುಡಿದದ್ದೆಲ್ಲ ಕೈಗೆ ಬರುವ ಹೊತ್ತು ಅದು. ಆ ಹೊತ್ತಿನಲ್ಲಿ ಹುಳ ಹೂಳುವುದು ಅಂದರೆ ಆ ಮನೆಯ ಹೊಟ್ಟೆಗೆ ಮಣ್ಣು ಹಾಕಿದಂತೆ.

"ನೀವೇ ಹಾಕಿದ್ದೀರಲ್ಲ ಮಿಸ್, ನಿಜಾನೇ ಇರ್ಬೇಕು," ಅಂದಳು ಭೂಮಿಕಾ. ಕೇಳುವ ದನಿಯಲ್ಲಿ ಅಲ್ಲ. ಒಪ್ಪಿಕೊಂಡುಬಿಟ್ಟ ದನಿಯಲ್ಲಿ.

ಅಷ್ಟೇ ನೋಡಿ. ವನಜಾಕ್ಷಿ ತಮ್ಮನ್ನು ತಾವೇ ಕೇಳಿಕೊಂಡರು. ನಿಜವಾ? ಯಾರು ಬರೆದದ್ದು? ಎಂದು ಬರೆದದ್ದು? ಯಾವ ಊರಿನ ಮಾತು? ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಆ ಸಣ್ಣ ಅಕ್ಷರಗಳನ್ನು ಅವರು ಓದಿಯೇ ಇರಲಿಲ್ಲ. ಮಕ್ಕಳಿಗೆ ಲೆಕ್ಕ ಕೊಟ್ಟು, ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತಾ ಹೆಡ್ ಮೇಷ್ಟ್ರ ಕೋಣೆಗೆ ಹೋದರು. ಸಾರ್, ಬೆಳಗ್ಗೆ ಹಾಕಿದ ಸೂಚನೆ ನಾನು ಸರಿಯಾಗಿ ನೋಡಲಿಲ್ಲ, ಅದು ಸುಳ್ಳೋ ನಿಜವೋ ಗೊತ್ತಾಗ್ತಿಲ್ಲ, ಅಂದರು. ಅಷ್ಟು ಹೇಳುವುದಕ್ಕೇ ಅವರಿಗೆ ಸಾಕುಸಾಕಾಗಿತ್ತು.

ಮುನಿಶಾಮಪ್ಪ ಎದ್ದು ಬಾಗಿಲು ಮುಂದಕ್ಕೆಳೆದುಕೊಂಡರು. ಶಾಲೆ ಮರ್ಯಾದೆ ಏನಾಗಬೇಕು ಮೇಡಂ ಅಂದರು. ಗುಲ್ಲು ಮಾಡಬೇಡಿ, ಸದ್ದಿಲ್ಲದೆ ಅದನ್ನು ಅಳಿಸಿಬಿಡಿ, ಅಳಿಸಿದರೆ ಎಲ್ಲರ ಫೋನಿಂದಲೂ ಹೋಗುತ್ತಂತಲ್ಲ, ಜನ ಮರೆತುಬಿಡ್ತಾರೆ, ಅಂದರು. ವನಜಾಕ್ಷಿಗೂ ಅದೇ ಬೇಕಿತ್ತು. ಫೋನು ತೆಗೆದು ಚಿತ್ರವನ್ನು ಒತ್ತಿ ಹಿಡಿದರು. ಎರಡು ದಾರಿ ತೋರಿಸಿತು, ಎಲ್ಲರಿಗೂ ಅಳಿಸು ಅಂತ ಒಂದು, ನನಗೆ ಮಾತ್ರ ಅಳಿಸು ಅಂತ ಒಂದು. ಗಾಬರಿಯಲ್ಲಿ ಓದುವವರು ಯಾರು? ಎಲ್ಲೋ ಒಂದು ಕಡೆ ಒತ್ತಿದರು. ಚಿತ್ರ ಮಾಯವಾಯಿತು. ಅಬ್ಬಾ ಅಂತ ಉಸಿರು ಬಿಟ್ಟು, ಒಂದು ಲೋಟ ನೀರು ಕುಡಿದು ತರಗತಿಗೆ ಹೋದರು.

ಮಧ್ಯಾಹ್ನ ಬಿಸಿಯೂಟದ ಹೊತ್ತಿನಲ್ಲಿ ಭೂಮಿಕಾ ತಟ್ಟೆ ಇಟ್ಟು ಮನೆಗೆ ಓಡಿದ್ದಳು. ವಾಪಸ್ಸು ಬಂದಾಗ ಕಣ್ಣು ಕೆಂಪಾಗಿದ್ದವು. ಅಮ್ಮ ಗುಂಡಿ ತೋಡಿಸಿದ್ದಾಳೆ ಮಿಸ್, ಸುಣ್ಣದ ಚೀಲನೂ ತಂದಾಯ್ತು, ಅಂದಳು. ವನಜಾಕ್ಷಿ, ಅಳಿಸಿದ್ದೀನಲ್ಲ ಅದನ್ನ, ಅಂದರು. ಭೂಮಿಕಾ ಇಲ್ಲ ಅಂತ ತಲೆಯಾಡಿಸಿದಳು. ಅಮ್ಮನ ಫೋನಲ್ಲಿ ಇದೆ ಮಿಸ್, ಈಗ ತಾನೇ ಪಕ್ಕದ ಮನೆಯವರಿಗೆ ತೋರಿಸ್ತಿದ್ಲು.

ವನಜಾಕ್ಷಿ ಫೋನು ತೆಗೆದು ನೋಡಿದರು. ಅವರ ಫೋನಿನಲ್ಲಿ ಇಲ್ಲ. ಆಗ ಅರ್ಥವಾಯಿತು. ತಮ್ಮೊಬ್ಬರ ಕಣ್ಣಿಂದ ಅಳಿಸಿಕೊಂಡು ಊರಿಗೆಲ್ಲ ಉಳಿಸಿದ್ದರು. ಈಗ ತೆಗೆಯೋಣ ಅಂದರೆ ಒತ್ತುವುದಕ್ಕೆ ಅವರ ಹತ್ತಿರ ಆ ಚಿತ್ರವೇ ಇಲ್ಲ.

ಮತ್ತೆ ಹೆಡ್ ಮೇಷ್ಟ್ರ ಹತ್ತಿರ ಓಡಿದರು. ಅವರು ಕುರ್ಚಿಯಲ್ಲಿ ಕುಸಿದು ಕೂತರು. ನಿಜವಾದ ಸೂಚನೆಯೇ ಇರಬಹುದು ಮೇಡಂ, ಸುಮ್ಮನೆ ಇರೋಣ, ನಾವು ಬೇಡ ಅಂದು ನಾಳೆ ರೋಗ ಬಂದರೆ ಅದೂ ನಮ್ಮ ತಲೆಗೇ ಬರುತ್ತೆ, ಅಂದರು. ಆ ಮಾತಿನಲ್ಲೂ ನ್ಯಾಯವಿತ್ತು, ಅದೇ ಕಷ್ಟ. ಸುಮ್ಮನಿದ್ದರೆ ವನಜಾಕ್ಷಿಯ ಮಾನ ಉಳಿಯುತ್ತದೆ. ಇಲಾಖೆಯ ಚಿತ್ರ, ನಾನು ಬರೀ ಮುಂದಕ್ಕೆ ಕಳಿಸಿದೆ ಅಂದರೆ ಆಯಿತು. ಬಾಯಿಬಿಟ್ಟರೆ, ಇಷ್ಟು ದಿನ ಎಲ್ಲ ಬರುತ್ತದೆ ಅಂತ ಮೆರೆದದ್ದು ಒಂದೇ ಮಧ್ಯಾಹ್ನದಲ್ಲಿ ಮಣ್ಣುಪಾಲು.

ಬಾಗಿಲ ಹೊರಗೆ ಭೂಮಿಕಾ ನಿಂತಿದ್ದಳು. ಏನೂ ಕೇಳಲಿಲ್ಲ. ಕೇಳಬಾರದು ಅಂತ ಅವಳಿಗೆ ಕಲಿಸಿದ್ದವರು ಯಾರು ಅನ್ನುವುದು ವನಜಾಕ್ಷಿಗೆ ಚೆನ್ನಾಗಿ ಗೊತ್ತಿತ್ತು. ಅವರು ಆ ಹುಡುಗಿಯ ಕೈಹಿಡಿದು ಗೇಟು ದಾಟಿದರು.

ಲಕ್ಷ್ಮೀದೇವಮ್ಮನ ಹಿತ್ತಿಲಲ್ಲಿ ಗುಂಡಿ ಬಾಯಿ ತೆರೆದುಕೊಂಡಿತ್ತು. ಹುಳುಮನೆಯ ಬಾಗಿಲಿಗೆ ಹೊರಗಿನವರು ಹೋಗುವಂತಿಲ್ಲ, ಕಾಲಿಗೆ ಅಂಟಿದ ಧೂಳಿನಲ್ಲಿ ಏನಿರುತ್ತದೋ ಅಂತ. ವನಜಾಕ್ಷಿ ಅಂಗಳದಲ್ಲೇ ನಿಂತರು. ಒಳಗಿಂದ ಹುಳ ಸೊಪ್ಪು ತಿನ್ನುವ ಸರಸರ ಸದ್ದು ಕೇಳುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಲಕ್ಷ್ಮೀದೇವಮ್ಮ ಒಂದು ಬಿದಿರು ತಟ್ಟೆ ತುಂಬ ಹುಳ ಎತ್ತಿಕೊಂಡು ಹೊರಗೆ ಬರುತ್ತಿದ್ದರು. ಗುಂಡಿಯೊಳಗೆ ಅದಾಗಲೇ ಒಂದಷ್ಟು ತಟ್ಟೆಯ ಹುಳ ಬಿದ್ದಿದ್ದವು. ಮೇಲೆ ಸುಣ್ಣ ಎರಚಿತ್ತು. ಕೆಲವು ಇನ್ನೂ ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು.

"ಲಕ್ಷ್ಮೀದೇವಮ್ಮಾ, ನಿಲ್ಲಿಸಿ. ಆ ಸೂಚನೆ ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ನಾನು ಓದದೆ ಹಾಕಿಬಿಟ್ಟೆ."

ಗೊತ್ತಿಲ್ಲ. ಆ ಮಾತು ಕೊನೆಗೂ ಬಾಯಿಂದ ಬಂತು. ಲಕ್ಷ್ಮೀದೇವಮ್ಮ ತಟ್ಟೆ ಹಿಡಿದುಕೊಂಡೇ ನಿಂತರು. 

"ನೀವು ಹಾಕಿದ್ದೀರಿ ಅಂತ ನಾನೂ ಪೂರ್ತಿ ಓದಲಿಲ್ಲ ಮೇಡಂ," ಅಂದರು. "ನೀವು ನೋಡಿರ್ತೀರಿ ಅಂದ್ಕೊಂಡೆ."

ತನಗೆ ಕಳಿಸಿದವರು ನೋಡಿರುತ್ತಾರೆ ಅಂತ ತಾನೂ ಅಂದುಕೊಂಡಿದ್ದೆ ಅಂತ ವನಜಾಕ್ಷಿಗೆ ಅನ್ನಿಸಿತು. ಹೀಗೆ ಒಬ್ಬರು ನೋಡಿರುತ್ತಾರೆ ಅಂತ ಇನ್ನೊಬ್ಬರು ಅಂದುಕೊಂಡು, ಯಾರೂ ನೋಡದೆ, ಆ ಕಾಗದ ಊರೂರು ದಾಟಿ ಈ ಗುಂಡಿಯವರೆಗೆ ಬಂದಿತ್ತು.

ಲಕ್ಷ್ಮೀದೇವಮ್ಮನ ಫೋನನ್ನು ಭೂಮಿಕಾ ತಂದಳು. ಮೂವರೂ ಜಗಲಿಯ ಮೇಲೆ ಕೂತು ಚಿತ್ರವನ್ನು ದೊಡ್ಡದು ಮಾಡಿದರು. ವನಜಾಕ್ಷಿಯ ಕಣ್ಣು ಮಂಜಾಗಿತ್ತು, ಅಕ್ಷರ ಸೇರುತ್ತಿರಲಿಲ್ಲ. ಎಲ್ಲಿ, ಏನಿದೆ ಓದಮ್ಮಾ, ನಿನಗೇನು ತೋಚುತ್ತೋ ಕೇಳು, ಅಂದರು. ಭೂಮಿಕಾ ಒಂದು ಸಲ ಅವರ ಮುಖ ನೋಡಿದಳು, ನಿಜವಾಗಿಯೂ ಕೇಳಬಹುದಾ ಅನ್ನುವ ಹಾಗೆ. ಆಮೇಲೆ ಮೊಹರಿನ ಪಕ್ಕ ಬೆರಳಿಟ್ಟಳು. ಇಲ್ಲಿ ಬೇರೆ ಜಿಲ್ಲೆಯ ಹೆಸರಿದೆ ಮಿಸ್, ನಮ್ಮದಲ್ಲ, ಅಂದಳು. ಇನ್ನೂ ಕೆಳಗೆ ಸರಿಸಿದಳು. ತಾರೀಕು ನೋಡಿ ಮಿಸ್, ನಾನು ಎರಡನೇ ಕ್ಲಾಸಲ್ಲಿದ್ದಾಗಿನದು.

ಅದರಡಿಯಲ್ಲಿ ಒಂದು ದೂರವಾಣಿ ಸಂಖ್ಯೆಯಿತ್ತು. ಅದನ್ನು ನಂಬಲೋ ಬೇಡವೋ ಅಂತ ಅನುಮಾನ. ಲಕ್ಷ್ಮೀದೇವಮ್ಮನಿಗೆ ತಮ್ಮ ತಾಲ್ಲೂಕಿನ ರೇಷ್ಮೆ ಕಚೇರಿಯವರ ಪರಿಚಯವಿತ್ತು, ಅವರಿಗೇ ಫೋನು ಹಚ್ಚಿದರು. ರಿಂಗ್ ಆಗುತ್ತಲೇ ಇತ್ತು.  ಕೊನೆಗೆ ಒಬ್ಬರು ಎತ್ತಿ, ಅದರಲ್ಲಿದ್ದದ್ದನ್ನೆಲ್ಲ ಕೇಳಿಸಿಕೊಂಡರು. ಆ ಕಾಗದ ಐದು ವರ್ಷ ಹಿಂದಿನದು, ಬೇರೆ ಕಡೆಯದು, ಈಗ ನಮ್ಮಲ್ಲಿ ಅಂಥ ರೋಗ ಏನೂ ಇಲ್ಲ, ಹುಳ ಹೂಳಬೇಡಿ, ಅಂದರು.

ಲಕ್ಷ್ಮೀದೇವಮ್ಮ ಜಗಲಿಯ ಮೇಲಿಟ್ಟಿದ್ದ ತಟ್ಟೆಯನ್ನು ಮೆಲ್ಲಗೆ ಒಳಗೆ ಇಟ್ಟು ಬಂದು ಗುಂಡಿಯ ಅಂಚಿನಲ್ಲಿ ಕೂತುಬಿಟ್ಟರು. ಸುಣ್ಣ ಬಿದ್ದ ಹುಳ ಇನ್ನು ಬರುವುದಿಲ್ಲ. ವನಜಾಕ್ಷಿಗೆ ಆ ಕಡೆ ನೋಡಲಾಗಲಿಲ್ಲ. ಆದರೆ ಅಳುತ್ತಾ ಕೂರುವ ಹೊತ್ತಲ್ಲ ಅದು. ಊರಿನಲ್ಲಿ ಇನ್ನೂ ಎಷ್ಟು ಹಿತ್ತಿಲಲ್ಲಿ ಗುಂಡಿ ತೋಡುತ್ತಿದ್ದಾರೋ! ಫೋನು ಬಾಯಿಯ ಹತ್ತಿರ ಹಿಡಿದು, ಗ್ರೂಪಿಗೆ ಮಾತಿನಲ್ಲೇ ಸಂದೇಶ ಹಾಕಿದರು:

"ನಾನು ವನಜಾಕ್ಷಿ ಟೀಚರ್. ಬೆಳಗ್ಗೆ ನಾನು ಹಾಕಿದ ಸೂಚನೆ ಐದು ವರ್ಷ ಹಳೆಯದು, ಬೇರೆ ಜಿಲ್ಲೆಯದು. ತಪ್ಪು ನನ್ನದು. ಯಾರೂ ಹುಳ ಹೂಳಬೇಡಿ."

ಆದರೆ ಹೊಲದಲ್ಲಿ, ಹುಳುಮನೆಯಲ್ಲಿ ಕೆಲಸ ಮಾಡುವವರು ಗಳಿಗೆಗೊಮ್ಮೆ ಫೋನು ನೋಡುತ್ತಾರಾ? ಏನು ಮಾಡುವುದು ಅಂತ ವನಜಾಕ್ಷಿ ರಸ್ತೆಗೆ ಓಡಿ ಬರುವಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಬಿಡುವಿನ ಗಂಟೆಯಲ್ಲ, ಒಂದೇ ಸಮನೆ ನಿಲ್ಲದ ಗಂಟೆ. ಹೊಡೆಯುತ್ತಿದ್ದವರು ಮುನಿಶಾಮಪ್ಪ. ಸಂದೇಶ ಅವರ ಫೋನಿಗೂ ಬಂದಿತ್ತಲ್ಲ! ದೊಡ್ಡ ಮಕ್ಕಳನ್ನು ಬೀದಿಗೊಂದು ಗುಂಪು ಮಾಡಿ, ಒಂದೊಂದು ಗುಂಪಿಗೂ ಒಬ್ಬರು ಟೀಚರನ್ನು ಜೊತೆ ಮಾಡಿ ಕಳಿಸಿದರು. ಬಸ್ಸಿನ ಹೊತ್ತಾಯಿತು ಅನ್ನುವ ಟೀಚರುಗಳೂ ಅವತ್ತು ಸೀರೆ ಎತ್ತಿ ಕಟ್ಟಿ ಓಡಿದರು. ಮನೆಮನೆಯ ಮುಂದೆ ಮಕ್ಕಳು, ಹಳೆ ಸುದ್ದಿ, ಸುಳ್ಳು ಸುದ್ದಿ, ಹೂಳಬೇಡಿ, ಅಂತ ಕೂಗಿದರು. ಬಹಳ ಮನೆಗಳಲ್ಲಿ ಹುಳ ಉಳಿದವು. ಕೆಲವರ ಮನೆಯಲ್ಲಿ ಒಂದಿಷ್ಟು ಹೋಗಿದ್ದವು. ಬೀದಿ ಕೊನೆಯ ಒಂದು ಮನೆಯಲ್ಲಿ ಎಲ್ಲವೂ ಹೋಗಿಬಿಟ್ಟಿದ್ದವು.

ಮಾರನೇ ದಿನ ಶಾಲೆಯ ಅಂಗಳದಲ್ಲಿ ಊರವರೆಲ್ಲ ಸೇರಿದರು. ವನಜಾಕ್ಷಿ ಮೂಲೆಯಲ್ಲಿ ನಿಂತಿದ್ದರು.  ಬೈಗುಳ ಬಂದವು, ಬರಬೇಕಾದ್ದೇ. ಎಲ್ಲ ಕಳೆದುಕೊಂಡ ಮನೆಯ ಯಜಮಾನರು ಒಂದು ಮಾತೂ ಆಡದೆ ನೆಲ ನೋಡುತ್ತಿದ್ದರು, ಅದು ಬೈಗುಳಕ್ಕಿಂತ ಚುಚ್ಚಿತು. ಇಂಥ ಟೀಚರನ್ನು ಬೇರೆ ಕಡೆಗೆ ಕಳಿಸಿ ಅಂತ ಒಬ್ಬರು ಅಂದರು. ಆಗ ಲಕ್ಷ್ಮೀದೇವಮ್ಮ ಎದ್ದರು.

"ನಂಗೂ ಹೊಟ್ಟೆ ಉರೀತಿದೆ. ಆದ್ರೆ ಒಂದು ಮಾತು. ಹುಳ ಚರ್ಮ ಕಳಚೋ ಹೊತ್ತಲ್ಲಿ ನಾವು ಅದನ್ನ ಅಟ್ಟಾಡಿಸ್ತೀವಾ? ತಂಪು ನೋಡಿ, ಗಾಳಿ ನೋಡಿ, ಕಾಯ್ತೀವಿ. ಹೊಸ ವಿದ್ಯೆ ಕಲೀರಿ ಅಂತ ಈಯಮ್ಮನ ಮೇಲೆ ಹೊರೆ ಹಾಕಿ, ಒಂದು ದಿನ ಆದ್ರೂ ಕಾದವರು ಯಾರು?"

ಬೇರೆ ಕಡೆಗೆ ಕಳಿಸಿ ಅಂದಿದ್ದವರು ತಾವಾಗಿಯೇ ಕೂತರು. ಎಲ್ಲ ಕಳೆದುಕೊಂಡ ಮನೆಗೆ ಮುಂದಿನ ಸಲದ ಹುಳಕ್ಕೆ ಸೊಪ್ಪು ನಾವು ಕೊಡುತ್ತೇವೆ ಅಂತ ಇಬ್ಬರು ಮೂವರು ಒಪ್ಪಿದರು. ಆ ಮನೆಯ ಯಜಮಾನರು ಆಗಲಿ ಅಂತ ತಲೆಯಾಡಿಸಿದರು, ಮುಖ ಮಾತ್ರ ಎತ್ತಲಿಲ್ಲ.

ಜನ ಚದುರಿದ ಮೇಲೆ ಮುನಿಶಾಮಪ್ಪ ಎಲ್ಲ ಟೀಚರುಗಳನ್ನೂ ಬೀರು ಇದ್ದ ಏಳನೇ ತರಗತಿಯ ಕೋಣೆಗೆ ಕರೆದರು. ಮಕ್ಕಳು ಕೂತಿದ್ದರು. ಅವರು ಜೇಬಿನಿಂದ ಬೀಗದ ಕೈ ತೆಗೆದು, ಬೀರು ತೆರೆದು, ಒಂದು ಟ್ಯಾಬು ಹೊರಗೆ ತಂದರು. ಅದರ ಗಾಜಿನ ಮೇಲೆ ಕುಂಕುಮ ಒಣಗಿ ಕಪ್ಪಾಗಿತ್ತು. ಅಂಗಿಯ ತುದಿಯಲ್ಲಿ ಅದನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು. ಗುಂಡಿ ಒತ್ತಲು ಮಾತ್ರ ಕೈ ಹೋಗಲಿಲ್ಲ. ಆ ಹೆದರಿಕೆ ವನಜಾಕ್ಷಿಗೆ ಚೆನ್ನಾಗಿ ಪರಿಚಯವಿದ್ದದ್ದೇ.

"ಒಡೆಯುತ್ತೆ ಅಂತ ಬೀಗ ಹಾಕಿದ್ದಲ್ಲ ಮೇಡಂ," ಅಂದರು ಮುನಿಶಾಮಪ್ಪ. ಎಲ್ಲ ಮಕ್ಕಳಿಗೂ ಕೇಳುವ ಹಾಗೆಯೇ ಅಂದರು. "ಇದನ್ನ ಆನ್ ಮಾಡೋದು ನನಗೆ ಗೊತ್ತಿಲ್ಲ. ತೆಗೆದರೆ ನನ್ನನ್ನ ಕೇಳ್ತೀರಲ್ಲ ಅಂತ ಹೆದರಿಕೆ."

ಯಾರೂ ನಗಲಿಲ್ಲ. ವನಜಾಕ್ಷಿ ಹತ್ತಿರ ಹೋಗಿ ಟ್ಯಾಬಿನ ಇನ್ನೊಂದು ಅಂಚು ಹಿಡಿದುಕೊಂಡರು. ಇಬ್ಬರೂ ಸೇರಿ ಗುಂಡಿ ಒತ್ತಿದರು. ಬೆಳಗಲಿಲ್ಲ. ವರ್ಷಗಟ್ಟಲೆ ಮಲಗಿತ್ತಲ್ಲ, ಬ್ಯಾಟರಿ ಖಾಲಿ. ಗೋಡೆಗೆ ತಂತಿ ಸಿಕ್ಕಿಸಿ, ಟೀಚರುಗಳೂ ಮಕ್ಕಳೂ ಸುತ್ತ ಕೂತು ಕಾದರು. ಇನ್ನು ಮೇಲೆ ಶನಿವಾರ ಪಾಠ ಮುಗಿದ ಮೇಲೆ ನಾವೆಲ್ಲ ಹೀಗೇ ಕೂರೋಣ, ಯಾರಿಗೆ ಏನು ಬರುವುದಿಲ್ಲವೋ ಅದನ್ನು ಮೊದಲು ಹೇಳೋಣ, ತಪ್ಪಾದರೆ ನಾನಿದ್ದೇನೆ, ಅಂತ ಹೆಡ್ ಮೇಷ್ಟ್ರು ಹೇಳಿದರು. ಬೀಗದ ಕೈಯನ್ನು ಕರಿಹಲಗೆಯ ಪಕ್ಕದ ಮೊಳೆಗೆ ನೇತುಹಾಕಿದರು.

ಕಾಯುತ್ತಾ ಕೂತಾಗ ವನಜಾಕ್ಷಿ ಮಕ್ಕಳ ಕಡೆ ನೋಡಿದರು. ಭೂಮಿಕಾ, ನೀನು ಅವತ್ತು ಒಂದು ಪ್ರಶ್ನೆ ಕೇಳಿದ್ದೆಯಲ್ಲ, ನಾನು ಗದರಿ ಕೂರಿಸಿದೆನಲ್ಲ, ಅದನ್ನ ಇನ್ನೊಂದು ಸಲ ಕೇಳಮ್ಮ, ಅಂದರು.

ಭೂಮಿಕಾ ಎದ್ದು ನಿಂತಳು. ಅವಳ ಜೊತೆಗೆ ಇನ್ನೂ ಮೂರು ನಾಲ್ಕು ಕೈ ಮೇಲೆದ್ದವು.

ನೀತಿ: ಮಕ್ಕಳಿಗೆ ಹೊಸ ವಿದ್ಯೆ ಬರಬೇಕಾದರೆ ಮೊದಲು ಅವರ ಗುರುಗಳಿಗೆ ಅದನ್ನು ಕಲಿಯಲು ಹೊತ್ತನ್ನೂ ಜೊತೆಯನ್ನೂ ಕೊಡಬೇಕು, ಸಾಮಾನು ಕೊಟ್ಟು ಕೈತೊಳೆದುಕೊಂಡರೆ ಆಗದು. 'ನನಗೆ ಗೊತ್ತಿಲ್ಲ' ಅನ್ನಲು ಗುರು ಹೆದರುವ ಕಡೆ, 'ಇದು ನಿಜವಾ' ಅಂತ ಕೇಳಲು ಮಕ್ಕಳೂ ಹೆದರುತ್ತಾರೆ.